ಬಳಸಿದ ತೋಪಡವನ್ನೇ ಉಡುಗೊರೆ ಕೊಟ್ಟೆ: ನನ್ನ ಅನುಭವ

ಆರು ವರ್ಷದ ಹಿಂದೆ ನಮ್ಮ ಮರಗೆಲಸದ ಗುಂಪಿನಲ್ಲಿ ನಾನು ಒಂದು ಮಾತು ಹೇಳಿದೆ. ಮರ ಹೆರೆದು ನಯ ಮಾಡುವ ತೋಪಡವಾಗಲಿ, ಬೇರೆ ಯಾವುದಾಗಲಿ, ಹೊಸದಾಗಿ ಮಾಡಿದ ಸಲಕರಣೆಯನ್ನು ಹಾಗೇ ಉಡುಗೊರೆ ಕೊಡಬೇಡಿ, ನಲವತ್ತು ದಿನ ನೀವೇ ಬಳಸಿ ಆಮೇಲೆ ಕಳಿಸಿ ಎಂದೆ. ಯಾರೂ ಒಪ್ಪಲಿಲ್ಲ. ಬಳಸಿದ ವಸ್ತುವನ್ನು ಯಾರಾದರೂ ಉಡುಗೊರೆ ಕೊಡುತ್ತಾರಾ ಎಂದರು. ಒಬ್ಬರು ಇದು ಪಡೆಯುವವರಿಗೆ ಮಾಡುವ ಅವಮಾನ ಎಂದೇ ಹೇಳಿದರು. ಈಗ ಅವರೂ ಸೇರಿ ಹನ್ನೊಂದು ಜನ ಇದೇ ನಿಯಮದಲ್ಲಿ ವರ್ಷಕ್ಕೊಮ್ಮೆ ಸಲಕರಣೆ ಬದಲಾಯಿಸಿಕೊಳ್ಳುತ್ತಿದ್ದೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾರು ಯಾರಿಗೆ ಕೊಡಬೇಕೆಂದು ಚೀಟಿ ಎತ್ತುವುದು, ಹೆಸರು ಗುಟ್ಟಾಗಿಡುವುದು, ಒಂದೇ ದಿನ ಎಲ್ಲರೂ ಪಾರ್ಸೆಲ್ ಮಾಡುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ಸೋತ ಕಥೆಗೆ ಬರುತ್ತೇನೆ.

ಮೊದಲ ವರ್ಷ ನಾವು ಒಂಬತ್ತು ಜನ. ಎಲ್ಲರೂ ಚಂದ ಚಂದದ ವಸ್ತು ಕಳಿಸಿದ್ದೆವು. ಕನ್ನಡಿಯ ಹಾಗೆ ಹೊಳೆಯುವ ಹಿಡಿಗಳು, ಮರದ ಮೇಲೆ ಅಳತೆಯ ಗೆರೆ ಎಳೆಯುವ, ಹಿತ್ತಾಳೆಯ ಪಟ್ಟಿ ಕೂರಿಸಿದ ಮಾರ್ಕಿಂಗ್ ಗೇಜ್, ಎರಡು ಬಣ್ಣದ ಮರದ ಕೊಡತಿ. ಆರು ತಿಂಗಳಾದ ಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ. ನಿಜವಾಗಿ ಕೆಲಸದಲ್ಲಿದ್ದದ್ದು ಮೂರೇ ಮೂರು. ಉಳಿದವು ಕಪಾಟಿನಲ್ಲಿ ಕೂತಿದ್ದವು. ಗೇಜ್‌ನ ಬೆಣೆ ಎಷ್ಟು ಬಡಿದರೂ ಜಾರುತ್ತಿತ್ತಂತೆ. ಎರಡು ಬಣ್ಣದ ಕೊಡತಿ ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡಿತ್ತು. ಕಳಿಸಿದವರಿಗೆ ಬೇಸರ ಆಗಬಾರದು ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ನಾನು ಕಳಿಸಿದ ತೋಪಡದ ಗತಿ ಇನ್ನೂ ಕೆಟ್ಟದಾಗಿತ್ತು. ಅದು ಹೆಸರಾಂತ ಮರಗೆಲಸಗಾರ ಜೇಮ್ಸ್ ಕ್ರೆನೋವ್ ರೀತಿಯದು. ದಿಮ್ಮಿಯ ಎರಡು ಕೆನ್ನೆಗಳನ್ನು, ಅಂದರೆ ಪಕ್ಕದ ಹಲಗೆಗಳನ್ನು, ಸೀಳಿ ತೆಗೆದು, ನಡುವಿನ ತುಂಡಿನಲ್ಲಿ 45 ಡಿಗ್ರಿ ಇಳಿಜಾರು ಕತ್ತರಿಸಿ, ಮತ್ತೆ ಅಂಟಿಸುವ ವಿಧಾನ. ಅಲಗು ಅತ್ತಿತ್ತ ಅಲುಗಬಾರದು ಎಂದು ಕೆನ್ನೆಗಳ ನಡುವೆ ಬಿಗಿಯಾಗಿ ಕೂರುವ ಹಾಗೆ ಮಾಡಿದ್ದೆ. ಅದೇ ತಪ್ಪು. ಪಡೆದವರ ಊರಿನ ಹವೆ ನಮ್ಮದಕ್ಕಿಂತ ತುಂಬಾ ಒಣ. ಮರ ಕುಗ್ಗಿತು. ಉಕ್ಕು ಕುಗ್ಗುವುದಿಲ್ಲ, ಅಲ್ವಾ? ಒಂದು ಕೆನ್ನೆ ಉದ್ದಕ್ಕೂ ಸೀಳಿತು. ಎರಡು ವಾರ ಕೂತು ಮಾಡಿದ ತೋಪಡ ಅದು. ಫೋಟೋ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ತಿಂಗಳು ನಾನೇ ಬಳಸಿದ್ದರೆ ಈ ತಪ್ಪು ನನ್ನ ಬೆಂಚಿನ ಮೇಲೇ ಕಾಣುತ್ತಿತ್ತು. ಪೂರ್ತಿ ಸೀಳದಿದ್ದರೂ ಅಲಗು ಹಿಡಿದುಕೊಳ್ಳುವುದಾದರೂ ಗೊತ್ತಾಗುತ್ತಿತ್ತು. ನಲವತ್ತು ದಿನದ ಯೋಚನೆ ಹುಟ್ಟಿದ್ದು ಹೀಗೆ.

ಎರಡನೇ ವರ್ಷ ಗುಂಪು ಒಪ್ಪದಿದ್ದರೂ ನಾನೊಬ್ಬನೇ ಹಾಗೆ ಮಾಡಿದೆ. ಒಂದೇ ದಿಮ್ಮಿಯಿಂದ ಎರಡು ತೋಪಡ ಮಾಡಿದೆ. ಅಲಗಿನ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಜಾಗ ಬಿಟ್ಟೆ. ತುದಿಯಿಂದ ನೋಡಿದರೆ ಮರದ ಉಂಗುರಗೆರೆ ನೆಟ್ಟಗೆ ನಿಂತ ಹಲಗೆಯನ್ನೇ ಆರಿಸಿಕೊಂಡೆ. ಅಡ್ಡ ಗೆರೆಯ ಹಲಗೆ ಅಗಲದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ, ಅದರ ಸಹವಾಸ ಬೇಡ. ಎರಡನ್ನೂ ದಿನ ಬಿಟ್ಟು ದಿನ ಬಳಸಿದೆ. ಹನ್ನೆರಡನೇ ದಿನಕ್ಕೆ ಒಂದರಲ್ಲಿ ಅಲಗನ್ನು ಬಿಗಿಹಿಡಿಯುವ ಬೆಣೆ ಸಡಿಲವಾಯಿತು. ಇಪ್ಪತ್ತನೇ ದಿನದ ಹೊತ್ತಿಗೆ ಎರಡರ ತಳವೂ ಅಲಗಿನ ಹಿಂದೆ ಕೂದಲೆಳೆಯಷ್ಟು ಉಬ್ಬಿತ್ತು. ಸರಿ ಮಾಡಿದೆ. ಮೂವತ್ತು ದಾಟಿದ ಮೇಲೆ ಎರಡೂ ಸುಮ್ಮನಾದವು. ಆಮೇಲೆ ಕಣ್ಣು ಮುಚ್ಚಿ ಒಂದನ್ನು ಎತ್ತಿ ಕಳಿಸಿದೆ. ಇನ್ನೊಂದು ನನ್ನದು. ಯಾವುದು ಹೋಗುತ್ತದೆ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಎರಡನ್ನೂ ಒಂದೇ ಮನಸ್ಸಿನಿಂದ ಮಾಡುತ್ತೇವೆ. ಇದನ್ನು ಮಾತ್ರ ಬಿಡಬೇಡಿ.

ಪೆಟ್ಟಿಗೆಯಲ್ಲಿ ಕೊನೆಯ ದಿನ ಹೆರೆದು ತೆಗೆದ ಮರದ ಸಿಪ್ಪೆಯನ್ನು ಸುರುಳಿ ಸುತ್ತಿ ಇಟ್ಟಿದ್ದೆ. ಅದರ ದಪ್ಪ ಮೈಕ್ರೋಮೀಟರ್‌ನಲ್ಲಿ ಸುಮಾರು 0.03 ಮಿಲಿಮೀಟರ್ ಬಂದಿತ್ತು. ನಮ್ಮ ಗುಂಪಿನಲ್ಲಿ ಮರದ ತೋಪಡದಿಂದ ಅಷ್ಟು ತೆಳು ಸಿಪ್ಪೆಯನ್ನು ಇವತ್ತಿಗೂ ಬೇರೆ ಯಾರೂ ಕಳಿಸಿಲ್ಲ. ಪಡೆದವರು ಪೆಟ್ಟಿಗೆ ತೆರೆದ ದಿನವೇ ಒಂದು ಮೇಜಿನ ಹಲಗೆ ನಯ ಮಾಡಿದರಂತೆ. ಅಲಗು ಮಸೆಯುವ ಕೆಲಸವೂ ಇರಲಿಲ್ಲ. ಮುಂದಿನ ವರ್ಷ ನನ್ನ ಪರವಾಗಿ ಮೊದಲು ಮಾತಾಡಿದವರು ಅವರೇ.

ಇನ್ನು ದುಡ್ಡಿನ ವಿಷಯ. ಮನೆಯಲ್ಲೇ ಮಾಡಿದರೆ ಅಗ್ಗ ಎಂದು ಹೊರಗಿನವರು ತಿಳಿಯುತ್ತಾರೆ. ಒಂದು ತೋಪಡದ ಖರ್ಚನ್ನು ಹತ್ತು ಪಾಲು ಮಾಡಿದರೆ ಆರು ಪಾಲು ಅಲಗಿಗೇ ಹೋಗುತ್ತದೆ. ಮರಕ್ಕೆ ಒಂದೂವರೆ. ಅಂಟು, ಮರಳು ಕಾಗದ, ಎಣ್ಣೆಗೆ ಒಂದು. ಉಳಿದದ್ದು ಪಾರ್ಸೆಲ್‌ಗೆ. ಎರಡೆರಡು ಮಾಡುವುದರಿಂದ ಪಾರ್ಸೆಲ್ ಬಿಟ್ಟು ಎಲ್ಲ ಖರ್ಚೂ ಇಮ್ಮಡಿ. ಗುಂಪಿನವರ ದೊಡ್ಡ ತಕರಾರು ಇದೇ ಆಗಿತ್ತು.

ಅದಕ್ಕೆ ನಾನು ಅಲಗನ್ನು ಮನೆಯಲ್ಲೇ ಮಾಡಲು ಹೊರಟೆ. ಓ-1 ಉಕ್ಕಿನ ಚಪ್ಪಟೆ ಪಟ್ಟಿ ತಂದೆ, ಹನ್ನೆರಡು ಅಲಗಿಗೆ ಆಗುವಷ್ಟು. ಐದು ಹಾಳಾದವು. ಗಡಸಾಗಲೆಂದು ಕೆಂಪಗೆ ಕಾಯಿಸಿದ ಮೊದಲನೆಯದನ್ನು ಅವಸರದಲ್ಲಿ ನೀರಿಗೆ ಅದ್ದಿದೆ. ಅದು ಎಣ್ಣೆಯಲ್ಲಿ ಹದವಾಗುವ ಉಕ್ಕು. ಟಿಣ್ ಎಂದು ಸದ್ದಾಯಿತು, ಹರಿತದ ಅಂಚಿನಿಂದ ನಡುವಿನವರೆಗೆ ಬಿರುಕು. ಇನ್ನೆರಡನ್ನು ಎಣ್ಣೆಗೆ ಓರೆಯಾಗಿ ಇಳಿಸಿದೆ, ಬಾಳೆಲೆಯ ಹಾಗೆ ಬಾಗಿದವು. ಹರಿತದ ಅಂಚನ್ನು ಕೆಳಗೆ ಮಾಡಿ ನೆಟ್ಟಗೆ ಇಳಿಸಬೇಕು, ಅತ್ತಿತ್ತ ಅಲ್ಲಾಡಿಸದೆ ಮೇಲೆ ಕೆಳಗೆ ಆಡಿಸಬೇಕು. ಉಳಿದೆರಡು ಹಾಳಾಗಿದ್ದು ಆಯಸ್ಕಾಂತ ಬಿಟ್ಟ ತಕ್ಷಣ ಅದ್ದಿದ್ದರಿಂದ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಓ-1ಗೆ ಅದೂ ಸಾಲದು, 800ರ ಆಸುಪಾಸು ಬೇಕು. ಬಣ್ಣ ಇನ್ನೊಂದು ಮೆಟ್ಟಿಲು ಏರುವವರೆಗೆ ಕಾಯಬೇಕು. ನಾನು ಕಾಯಲಿಲ್ಲ, ಅರದಿಂದ ಉಜ್ಜಿದರೆ ಬೆಣ್ಣೆಯ ಹಾಗೆ ಕೊರೆಯಿತು.

ತೀರಾ ಗಡಸಾದ ಅಲಗು ಚಕ್ಕೆ ಏಳದ ಹಾಗೆ ಸ್ವಲ್ಪ ಗಡಸು ಇಳಿಸುವುದಕ್ಕೆ ಅಡುಗೆಮನೆಯ ಓವನ್ ಸಾಕು. 200 ಡಿಗ್ರಿಯಲ್ಲಿ ಒಂದೊಂದು ಗಂಟೆ, ಎರಡು ಸಲ. ಒಣಹುಲ್ಲಿನ ತಿಳಿ ಬಣ್ಣ ಬಂದರೆ ಸರಿ. ಓವನ್‌ನ ಗುಬುಟಿಯನ್ನು ಮಾತ್ರ ನಂಬಬೇಡಿ. ನನ್ನದು ಇಪ್ಪತ್ತೈದು ಡಿಗ್ರಿ ಹೆಚ್ಚು ಕಾಯುತ್ತಿತ್ತು. ಒಳಗೆ ಬೇರೆ ಥರ್ಮಾಮೀಟರ್ ಇಟ್ಟ ಮೇಲೆ ಗೊತ್ತಾಯಿತು. ಹಾಳಾದ ಐದನ್ನು ಲೆಕ್ಕಕ್ಕೆ ಹಿಡಿದರೂ ಅಲಗಿನ ಖರ್ಚು ಅರ್ಧಕ್ಕೆ ಇಳಿಯಿತು. ಈಗ ಗುಂಪಿನ ನಾಲ್ಕು ಜನಕ್ಕೆ ನಾನೇ ಅಲಗು ಮಾಡಿಕೊಡುತ್ತೇನೆ. ಅವರು ನನಗೆ ಮರ ಕೊಡುತ್ತಾರೆ.

ನಡುವೆ ಒಂದು ಪ್ರಯೋಗದ ಬಗ್ಗೆ ಹೇಳಲೇಬೇಕು. ಹಳಬರು ಹೊಸ ತೋಪಡಕ್ಕೆ ಎಣ್ಣೆ ಕುಡಿಸುತ್ತಿದ್ದರು. ಅಲಗು ಹೊರಚಾಚುವ ತಳದ ಸೀಳನ್ನು, ಅಂದರೆ ಬಾಯಿಯನ್ನು, ಪುಟ್ಟಿಯಿಂದ ಮುಚ್ಚಿ, ಅಲಗಿನ ಗೂಡಿಗೆ ಅಗಸೆ ಎಣ್ಣೆ ತುಂಬಿ ಬಿಡುವುದು. ನಾನೂ ಮಾಡಿದೆ. ಮೂರನೇ ದಿನ ಎರಡೂ ತುದಿಯಲ್ಲಿ ಎಣ್ಣೆ ಬೆವರಿನ ಹಾಗೆ ಒಸರಿತು. ತೂಕ ನೂರು ಗ್ರಾಂನಷ್ಟು ಏರಿತು. ಕೈಯಲ್ಲಿ ಹಿಡಿದರೆ ಆ ಭಾರ ಹಿತವಾಗಿತ್ತು. ಆದರೆ ಬಾಯಿಗೆ ತೇಪೆ ಹಾಕಲು ಹೋದಾಗ ಅಂಟು ಹಿಡಿಯಲೇ ಇಲ್ಲ. ಉಡುಗೊರೆಯ ತೋಪಡ ಮುಂದೆ ರಿಪೇರಿಗೆ ಬರುತ್ತದೆ, ಹಾಗಾಗಿ ಎಣ್ಣೆ ಕುಡಿಸುವುದನ್ನು ಬಿಟ್ಟೆ. ಹೊರಮೈಗೆ ಎರಡು ಕೈ ಎಣ್ಣೆ, ಮೇಲೆ ಮೇಣ, ಅಷ್ಟೇ. ಜೇನುಮೇಣಕ್ಕೆ ನಾನು ಬೆರೆಸುವ ಇನ್ನೊಂದು ವಸ್ತು ಇದೆ, ತಳ ಅದರಿಂದಲೇ ಅಷ್ಟು ಜಾರುತ್ತದೆ. ಅದನ್ನು ನನ್ನ ಜೊತೆ ವಿನಿಮಯ ಮಾಡಿಕೊಂಡವರಿಗೆ ಮಾತ್ರ ಹೇಳುವುದು. ಇಳಿಜಾರನ್ನು ಸಮ ಮಾಡುವ ನನ್ನ ವಿಧಾನವೂ ಹಾಗೇ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಮಾತ್ರ ಯಾವ ಗುಟ್ಟೂ ಇಲ್ಲ. ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಒಂದು ಸಂಜೆ ಮೂಲೆಯಲ್ಲಿದ್ದ ಮುದ್ದೆಯಿಂದ ಹೊಗೆ ಏಳುತ್ತಿತ್ತು, ಕೈ ಇಡಲು ಆಗಲಿಲ್ಲ. ಪಕ್ಕದಲ್ಲೇ ಸಿಪ್ಪೆಯ ರಾಶಿ. ಅವತ್ತಿನಿಂದ ಬಟ್ಟೆಯನ್ನು ಹೊರಗೆ ಹರಡಿ ಒಣಗಿಸುತ್ತೇನೆ.

ಇನ್ನೊಂದು ಸಂಗತಿ ಕೈ ಅಳತೆ. ಒಂದು ವರ್ಷ ಮರದ ಮೇಲೆ ಗೆರೆ ಹಾಕುವ ಮಾರ್ಕಿಂಗ್ ಚಾಕು ಕಳಿಸಿದೆ, ಒಂದೇ ಬದಿ ಮಸೆದದ್ದು. ಪಡೆದವರು ಎಡಗೈಯವರು. ಚಪ್ಪಟೆ ಬದಿ ಅಳತೆಪಟ್ಟಿಗೆ ಒರಗುವುದೇ ಇಲ್ಲ. ಈಗ ಚೀಟಿಯ ಜೊತೆ ಎಲ್ಲರೂ ಅಂಗೈಯನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು ಕೊಡುತ್ತಾರೆ, ಎಡಗೈಯೋ ಬಲಗೈಯೋ ಬರೆಯುತ್ತಾರೆ. ಜೇಡಿಮಣ್ಣಿನ ಉಂಡೆಯನ್ನು ಹಿಸುಕಿ ಕಳಿಸುವುದನ್ನೂ ನೋಡಿದೆ. ದಾರಿಯಲ್ಲಿ ಪುಡಿಯಾಯಿತು. ಕಾಗದವೇ ಸಾಕು.

ಮರದ ವಿಷಯದಲ್ಲಿ ಗಡಿ ದಾಟಿಸುವವರಿಗೆ ಒಂದು ಮಾತು. ಬೀಟೆ ಮರ ಹಿಡಿಗೆ ಬಹಳ ಚಂದ, ನನಗೂ ಇಷ್ಟ. ಆದರೆ ಅದು ಸೇರಿದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ ಪಟ್ಟಿಯಲ್ಲಿವೆ. ಅಳಿವಿನ ಭೀತಿಯ ಜೀವಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಒಪ್ಪಂದ ಅದು. 2019ರಲ್ಲಿ ಸಣ್ಣ ತೂಕದ ಸಿದ್ಧ ವಸ್ತುಗಳಿಗೆ ವಿನಾಯಿತಿ ಬಂತು. ಆದರೂ ನಾವು ದೂರದ ಪಾರ್ಸೆಲ್‌ಗೆ ಬೀಟೆ ಬಳಸುವುದನ್ನು ನಿಲ್ಲಿಸಿದ್ದೇವೆ. ಪೆಟ್ಟಿಗೆ ದಾರಿಯಲ್ಲಿ ವಾರಗಟ್ಟಲೆ ನಿಂತರೆ ಅಲಗಿಗೆ ತುಕ್ಕು ಹಿಡಿಯುತ್ತದೆ. ಅಲಗನ್ನು ಎಣ್ಣೆ ಹಚ್ಚಿದ ಕಾಗದದಲ್ಲಿ ಬೇರೆಯಾಗಿ ಸುತ್ತಿ, ಪ್ಲಾಸ್ಟಿಕ್ ಬೇಡವೇ ಬೇಡ, ಒಳಗೆ ತೇವ ಕೂರುತ್ತದೆ.

ನಲವತ್ತು ದಿನದ ನಿಯಮಕ್ಕೆ ಆಮೇಲೆ ಇನ್ನೆರಡು ಸೇರಿದವು. ಜೊತೆಯ ಪತ್ರದಲ್ಲಿ ಮಾಡಿದವರೇ ತಮಗೆ ಗೊತ್ತಿರುವ ಒಂದು ಕುಂದನ್ನು ಬರೆಯಬೇಕು. 'ಬೆಣೆಯ ಎಡಗಾಲು ಸ್ವಲ್ಪ ಗಿಡ್ಡ, ಸಿಪ್ಪೆ ಸಿಕ್ಕಿಕೊಂಡರೆ ಅಲ್ಲಿ ನೋಡಿ' ಎಂದು ನಾನು ಬರೆದಿದ್ದೆ. ಪಡೆದವರಿಗೆ ಕೇಳುವ ಸಂಕೋಚ ಹೋಗುತ್ತದೆ. ಇನ್ನೊಂದು, ಒಂದು ಸಲ ರಿಪೇರಿ ಉಚಿತ, ಎರಡೂ ಕಡೆಯ ಪಾರ್ಸೆಲ್ ಖರ್ಚು ಸಲಕರಣೆ ಮಾಡಿದವರದೇ. ಈ ನಿಯಮ ಬಂದ ಮೇಲೆ ಎಲ್ಲರೂ ಬೆಣೆ ಕೂರಿಸುವುದಕ್ಕೆ ಇನ್ನೊಂದು ದಿನ ಹೆಚ್ಚು ಕೊಡುತ್ತಿದ್ದಾರೆ. ಹೋದ ವರ್ಷ ಕೊಟ್ಟ ಹನ್ನೊಂದರಲ್ಲಿ ಒಂಬತ್ತು ಈಗಲೂ ಕೆಲಸದಲ್ಲಿವೆ.

ಕ್ರೆನೋವ್ ತೀರಿಕೊಂಡದ್ದು 2009ರಲ್ಲಿ. ಕಣ್ಣು ಮಂದವಾದ ಕೊನೆಯ ವರ್ಷಗಳಲ್ಲೂ ಅವರು ತೋಪಡ ಮಾಡುವುದನ್ನು ಬಿಡಲಿಲ್ಲ. ಇಂಥ ತೋಪಡವನ್ನು ಸರಿ ಮಾಡಲು ಕಣ್ಣಿಗಿಂತ ಕೈಯೇ ಹೆಚ್ಚು ಬೇಕು ಎಂದು ನನಗೆ ಅರ್ಥವಾಗಿದ್ದು ಆ ನಲವತ್ತು ದಿನಗಳಲ್ಲೇ.

ಎರಡನೇ ವರ್ಷ ನಾನು ನಲವತ್ತು ದಿನ ಬಳಸಿ ಕಳಿಸಿದ ಆ ತೋಪಡ ಹೋದ ತಿಂಗಳು ರಿಪೇರಿಗೆ ವಾಪಸ್ ಬಂತು. ತಳ ಎರಡು ಮಿಲಿಮೀಟರ್‌ನಷ್ಟು ಸವೆದು ಬಾಯಿ ಅಗಲವಾಗಿದೆ. ಹಿಡಿಯುವ ಜಾಗದಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿದೆ. ಆ ಗುಳಿಯನ್ನು ಮುಟ್ಟಬೇಡಿ ಎಂದು ಪತ್ರದಲ್ಲಿ ಬರೆದಿದ್ದರು. ಮುಟ್ಟಲಿಲ್ಲ. ಬಾಯಿಗೆ ಗಟ್ಟಿ ಮರದ ತೇಪೆ ಕೂರಿಸಿದೆ, ತಳ ಸಮ ಮಾಡಿದೆ, ಅಲಗು ಮಸೆದೆ. ಜೊತೆಯಲ್ಲಿ ಹುಟ್ಟಿದ ನನ್ನದನ್ನೂ ಪಕ್ಕದಲ್ಲಿಟ್ಟು ಎರಡರಲ್ಲೂ ಒಂದೇ ಹಲಗೆಯಿಂದ ಸಿಪ್ಪೆ ತೆಗೆದೆ. ಅವರದು ನನ್ನದಕ್ಕಿಂತ ಚೆನ್ನಾಗಿ ಓಡುತ್ತಿದೆ. ಎರಡೂ ಸಿಪ್ಪೆಯನ್ನು ಪೆಟ್ಟಿಗೆಗೆ ಹಾಕಿ ನಿನ್ನೆ ಕಳಿಸಿದೆ.