ಅವರೆಕಾಯಿ ಬಿಡಿಸುತ್ತಾ ಕಳೆದ ರಜೆ: ನನ್ನ ಅನುಭವ

ನಮ್ಮ ಗುಂಪಿನ ಟ್ರಿಪ್ಪುಗಳಲ್ಲಿ ಅರ್ಧ ವಾಟ್ಸಾಪಿನಲ್ಲೇ ಮುಗಿದಿವೆ. ಹೊರಟ ಇನ್ನರ್ಧದಲ್ಲಿ ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಸುಸ್ತಾಗಿ ವಾಪಸ್ ಬಂದಿದ್ದೇವೆ. ಈ ಚಳಿಗಾಲದಲ್ಲಿ ಮಾತ್ರ ಬೆಂಗಳೂರಿನ ಹತ್ತಿರದ ಒಂದು ತೋಟಕ್ಕೆ ಹೋಗಿ ಎಲ್ಲರೂ ಆರಾಮಾಗಿ ವಾಪಸ್ ಬಂದರು. "ಎರಡು ಗಂಟೆ ದೂರದಲ್ಲಿ ಏನಿದೆ ಅಂತ ಹೋಗೋದು?" ಎಂದು ನಕ್ಕವರೇ ಈಗ ಮುಂದಿನ ತಾರೀಖು ಕೇಳುತ್ತಿದ್ದಾರೆ.

ಮೊದಲು ಚಿಕ್ಕಮಗಳೂರು ಮಾಡಿದ್ದೆವು. ಶುಕ್ರವಾರ ರಾತ್ರಿ ನೆಲಮಂಗಲ ದಾಟುವುದರಲ್ಲೇ ಜೀವ ಹೋಯಿತು. ಮುಳ್ಳಯ್ಯನಗಿರಿ ದಾರಿಯಲ್ಲಿ ಬೆಟ್ಟಕ್ಕಿಂತ ಮುಂದಿನ ಕಾರಿನ ನಂಬರ್ ಪ್ಲೇಟನ್ನೇ ಜಾಸ್ತಿ ನೋಡಿದೆವು. ತಲೆಗೆ ಎಂಟೊಂಬತ್ತು ಸಾವಿರ ಆಯಿತು. ಆಮೇಲೆ ಊರಾಚೆಯ ಒಂದು ರೆಸಾರ್ಟ್. ಮಧ್ಯರಾತ್ರಿವರೆಗೂ ಸ್ಪೀಕರ್ ಹಾಡು. ಬರಲಾಗದ ಇಬ್ಬರ ಅಡ್ವಾನ್ಸ್ ಕೊನೆಗೂ ವಾಪಸ್ ಬರಲಿಲ್ಲ. ಆ ಲೆಕ್ಕಕ್ಕೆ ಗುಂಪಿನಲ್ಲಿ ತಿಂಗಳುಗಟ್ಟಲೆ ಮುನಿಸು.

ಹಾಗಾಗಿ ಈ ಸಲ ಎಲ್ಲವನ್ನೂ ಹೊರಡುವ ಮೊದಲೇ ತೀರ್ಮಾನ ಮಾಡಿದೆ. ಅಲ್ಲಿಗೆ ಹೋದಮೇಲೆ ತೀರ್ಮಾನ ಮಾಡುವಂಥದ್ದು ಏನೂ ಉಳಿಯಬಾರದು. ತಲೆಗೆ 3,000 ರೂಪಾಯಿ, ಮೊದಲೇ. ದುಡ್ಡು ಹಾಕಿದವರಿಗೆ ಮಾತ್ರ ಸೀಟು. ಟೆಂಪೋ ಟ್ರಾವೆಲರ್‌ಗೆ ಡ್ರೈವರ್ ಬಾಟಾ ಸೇರಿ ಹನ್ನೆರಡು ಸಾವಿರದ ಹತ್ತಿರ, ತೋಟದವರಿಗೆ ಐದಾರು ಸಾವಿರ, ಉಳಿದದ್ದು ದಿನಸಿ ಮತ್ತು ನಾಟಿ ಕೋಳಿಗೆ.

ಹೊರಟಿದ್ದು ಭಾನುವಾರ ಮಧ್ಯಾಹ್ನ. ಊರೆಲ್ಲ ವಾಪಸ್ ಬರುವ ಹೊತ್ತಿಗೆ ನಾವು ಕನಕಪುರ ರಸ್ತೆಯಲ್ಲಿ ಎದುರು ದಿಕ್ಕಿಗೆ. ಯಾರೂ ಕಾರು ತರುವಂತಿಲ್ಲ, ಎಲ್ಲರೂ ರೇಷ್ಮೆ ಸಂಸ್ಥೆ ಮೆಟ್ರೋ ನಿಲ್ದಾಣಕ್ಕೆ ಬರಬೇಕು. 2021ರಲ್ಲಿ ಹಸಿರು ಮಾರ್ಗ ಅಲ್ಲಿವರೆಗೂ ಬಂದಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ವೈಟ್‌ಫೀಲ್ಡಿನ ಗೆಳೆಯ ಕೂಡ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಸರಿಯಾದ ಹೊತ್ತಿಗೆ ಬಂದ. ಅವನು ಹೊತ್ತಿಗೆ ಸರಿಯಾಗಿ ಬಂದಿದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

ಇನ್ನು ಅವರೆಕಾಯಿ ವಿಷಯ. ಮಾಗಡಿ ಕಡೆಯ ಸೊಗಡಿನ ಕಾಯಿ, ಹತ್ತು ಹನ್ನೆರಡು ಕಿಲೋ ತಂದಿದ್ದೆ. "ರಜೆಗೆ ಬಂದು ಕಾಯಿ ಬಿಡಿಸಬೇಕಾ ಮಾರಾಯಾ?" ಎಂದು ಗಲಾಟೆ ಎದ್ದಿತು. ಇಸ್ಪೀಟು, ಅಂತ್ಯಾಕ್ಷರಿ ಎಲ್ಲ ಹಿಂದೆ ಮಾಡಿ ನೋಡಿದ್ದೇವೆ, ಅರ್ಧ ಗಂಟೆಗೆ ಒಬ್ಬೊಬ್ಬರೇ ಫೋನು ತೆಗೆಯುತ್ತಾರೆ. ಅವರೆಕಾಯಿ ಬಿಡಿಸುವಾಗ ಎರಡು ಕೈಗೂ ಕೆಲಸ, ಬೆರಳಿಗೆಲ್ಲ ಅಂಟು. ಫೋನು ಮುಟ್ಟೋಕೆ ಆಗಲ್ಲ. ಬಾಯಿ ಮಾತ್ರ ಖಾಲಿ. ಮಾವಿನ ಮರದ ಕೆಳಗೆ ಚಾಪೆ ಹಾಸಿ ಕೂತವರು ಕತ್ತಲಾದರೂ ಏಳಲಿಲ್ಲ. ಹಾಸ್ಟೆಲ್ ದಿನಗಳಿಂದ ಯಾರೂ ಹೇಳಿಕೊಳ್ಳದ ಎಷ್ಟೋ ವಿಷಯ ಆ ಸಿಪ್ಪೆ ರಾಶಿಯ ಸುತ್ತ ಹೊರಗೆ ಬಂತು. ಬಿಡಿಸಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎಲ್ಲರೂ ಕೂತು ಹಿತುಕಿದೆವು. ಹಿತುಕಿದ ಬೇಳೆ ಸಾರು, ರಾಗಿ ಮುದ್ದೆ. ನನ್ನ ಸಾರಿಗೆ ಎರಡನೇ ಮುದ್ದೆ ಕೇಳದವರು ಇರಲಿಲ್ಲ. ಮಸಾಲೆ ಹೇಗೆ ಹುರಿಯುತ್ತೇನೆ ಅನ್ನೋದು ನನಗೇ ಇರಲಿ.

ನಡುವೆ ಒಂದಿಷ್ಟು ಪ್ರಯೋಗ ಕೂಡ ಆಯಿತು. ಗೆಣಸನ್ನು ಉರಿಗೆ ಹಾಕಿದರೆ ಮೇಲೆ ಕರಕಲು, ಒಳಗೆ ಹಸಿ. ಬಿಸಿ ಬೂದಿಯಲ್ಲಿ ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟಾಗ ಬೆಣ್ಣೆಯಂತೆ ಬೆಂದಿತು. ಸೊಳ್ಳೆಗೆ ಬೇವಿನ ಹೊಗೆ ಹಾಕಿದೆವು. ಸೊಳ್ಳೆಗಳಿಗಿಂತ ಮೊದಲು ನಾವೇ ಎದ್ದು ಹೋದೆವು. ರಾತ್ರಿಗೆ ಸೊಳ್ಳೆ ಪರದೆಯೇ ಸರಿ.

ನೋಡುವ ಜಾಗ ಅಂತ ಇಟ್ಟುಕೊಂಡಿದ್ದು ಸಂಗಮ ಒಂದೇ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಕಾವೇರಿಗೆ ಸೇರುವುದು ಅಲ್ಲೇ. ದಡದಲ್ಲಿ ಕಾಲು ಇಳಿಬಿಟ್ಟು ಕೂತೆವು, ಅಷ್ಟೇ. ಈಜಲು ಯಾರನ್ನೂ ಬಿಡಲಿಲ್ಲ. ಅಲ್ಲಿನ ಸುಳಿಗಳ ವಿಷಯ ಗೊತ್ತಿರುವವರು ನೀರಿಗೆ ಇಳಿಯುವುದಿಲ್ಲ. ಮೇಕೆದಾಟು ಹತ್ತಿರವೇ ಇತ್ತು. ಹೋಗೋಣ ಎಂದು ಒಬ್ಬರೂ ಹೇಳಲಿಲ್ಲ. ಅದೇ ನನಗೆ ದೊಡ್ಡ ಗೆಲುವು.

ಕೊನೆಗೆ ತಲೆಗೆ ನೂರಿಪ್ಪತ್ತೋ ನೂರೈವತ್ತೋ ಉಳಿದಿತ್ತು, ಅವತ್ತೇ ವಾಪಸ್ ಕಳಿಸಿದೆ. ತೋಟ ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಅದನ್ನು ಹೇಳಲ್ಲ. ಅವರೆ ಸೀಸನ್ ಫೆಬ್ರವರಿಗೆಲ್ಲ ಮುಗಿಯುತ್ತದೆ. ಬೇಸಿಗೆಯ ಟ್ರಿಪ್ಪಿನಲ್ಲಿ ಎಲ್ಲರ ಕೈಲೂ ಉಪ್ಪಿನಕಾಯಿಗೆ ಮಾವು ಹೆಚ್ಚಿಸೋಣ ಅಂತಿದ್ದೇನೆ. ಈಗಾಗಲೇ ಏಳು ಜನ ದುಡ್ಡು ಹಾಕಿದ್ದಾರೆ.