ಮಾವನ ಹಂಟರ್ ವಿಮಾನ ರಿಪೇರಿ ಮಾಡಿದ್ದು

ನನ್ನ ಸೋದರಮಾವ ಏರ್‌ಫೋರ್ಸ್‌ನಲ್ಲಿ ಆರ್ಮರರ್ ಆಗಿದ್ದವರು. ವಿಮಾನಕ್ಕೆ ಗನ್ನು, ಗುಂಡು, ರಾಕೆಟ್ಟು ತುಂಬುವ ಕೆಲಸ. ಎಂಬತ್ತರ ದಶಕದಲ್ಲಿ ಒಂದು ಸಲ ರಜಕ್ಕೆ ಮೈಸೂರಿಗೆ ಬಂದಾಗ ಹಾಕರ್ ಹಂಟರ್ ಅನ್ನೋ ಇಂಗ್ಲೆಂಡಿನ ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ತಂದು, ಅಜ್ಜಿ ಮನೆಯ ಊಟದ ಮೇಜಿನ ಮೇಲೆ ಕೂತು ಜೋಡಿಸಿದ್ದರಂತೆ. 1:72 ಅಳತೆಯದು. ನಿಜವಾದ ಹಂಟರ್ 14 ಮೀಟರ್ ಉದ್ದ, ಹಾಗಾಗಿ ಇದು ಸುಮಾರು 19 ಸೆಂಟಿಮೀಟರ್, ಅಂದರೆ ಒಂದು ಗೇಣು. ಮೂವತ್ತು ವರ್ಷಕ್ಕಿಂತ ಜಾಸ್ತಿ ಶೋಕೇಸಿನಲ್ಲಿ ನಿಂತಿತ್ತು. ಮನೆ ಬದಲಾಯಿಸುವಾಗ ಬಿತ್ತು.

ನನಗೆ ಬಂದು ಸೇರಿದಾಗ ಅದರ ಸ್ಥಿತಿ ಹೀಗಿತ್ತು: ಮುಂದಿನ ಚಕ್ರದ ಕಾಲು ಮುರಿದಿದೆ, ಬಾಲದ ಒಂದು ಪುಟ್ಟ ರೆಕ್ಕೆ ಇಲ್ಲ, ಕ್ಯಾನಪಿ, ಅಂದರೆ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ, ಪೂರ್ತಿ ಗೀಚು ಬಿದ್ದು ಮಂಜಾಗಿದೆ. ಹೊಟ್ಟೆಯಲ್ಲಿ ಎರಡು ಹೋಳು ಕೂಡುವ ಸೀಮ್ ಬಾಯಿ ಬಿಟ್ಟಿದೆ. ಬಣ್ಣ ಬೋರ್ಡ್ ಬರೆಯುವವರ ಎನಾಮೆಲ್, ಬ್ರಷ್‌ನಲ್ಲಿ ದಪ್ಪಗೆ ಬಳಿದದ್ದು, ಅಲ್ಲಲ್ಲಿ ಚಕ್ಕೆ ಎದ್ದಿದೆ.

ನಾನು ಹತ್ತು ವರ್ಷದಿಂದ ಕಿಟ್ ಕಟ್ಟುತ್ತಿದ್ದೇನೆ, ಆದರೆ ಬೇರೆಯವರು ಕಟ್ಟಿದ್ದನ್ನು ಬಿಚ್ಚಿ ಸರಿ ಮಾಡಿದ್ದು ಇದೇ ಮೊದಲು. ಮೊದಲಿಗೆ ಮಾವನಿಗೇ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ವಿಮಾನವನ್ನು ಮಗುಚಿ ಮೂತಿಯ ಕೆಳಭಾಗ ನೋಡಿದರು. "ಇಲ್ಲಿ ಎರಡು ಉಬ್ಬು ಇತ್ತಲ್ಲೋ, ಎಲ್ಲಿ ಹೋಯ್ತು? ಅದಿಲ್ಲದೆ ಲಿಂಕ್ ಎಲ್ಲಿ ಬೀಳುತ್ತೆ?" ಅಂದರು. ಮುರಿದ ಕಾಲಿನ ಬಗ್ಗೆ, ಬಾಲದ ಬಗ್ಗೆ ಒಂದು ಮಾತೂ ಇಲ್ಲ.

ಹಂಟರ್ ಗೊತ್ತಿರುವವರಿಗೆ ಆ ಉಬ್ಬು ಗೊತ್ತಿರುತ್ತದೆ. ಇದರಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಗನ್ನುಗಳು. ನಾಲ್ಕೂ ಸೇರಿ ಗುಂಡಿನ ಸಮೇತ ಒಂದೇ ಪ್ಯಾಕ್, ಅದನ್ನು ಇಡಿಯಾಗಿ ಕೆಳಗಿಳಿಸಿ ತುಂಬಿದ ಇನ್ನೊಂದು ಪ್ಯಾಕ್ ಏರಿಸಬಹುದು, ನಳಿಗೆಗಳು ಮಾತ್ರ ವಿಮಾನದಲ್ಲೇ ಉಳಿಯುತ್ತವೆ. ಗುಂಡು ಹಾರುವಾಗ, ಗುಂಡುಗಳನ್ನು ಒಂದಕ್ಕೊಂದು ಜೋಡಿಸಿದ್ದ ಬೆಲ್ಟಿನ ಲಿಂಕುಗಳು ಆಚೆ ಬಿದ್ದು ವಿಮಾನದ ಮೈಗೇ ಬಡಿಯುತ್ತಿದ್ದವು. ಅವನ್ನು ಹಿಡಿದಿಡೋಕೆ ಮೂತಿಯ ಕೆಳಗೆ ಎರಡು ಉಬ್ಬು ಕೂರಿಸಿದರು. ಇಂಗ್ಲೆಂಡಿನವರು ಒಬ್ಬ ನಟಿಯ ಹೆಸರು ಹಿಡಿದು ಅವಕ್ಕೆ 'ಸಬ್ರಿನಾ' ಅಂತ ಹೆಸರಿಟ್ಟರು. ಮಾವನಿಗೆ ಮಾತ್ರ ಅದು ಲಿಂಕ್ ಡಬ್ಬ. ದಿನಾ ಕೈಹಾಕಿದ ಜಾಗ ಅದು, ಅದಿಲ್ಲದ ಹಂಟರ್ ಅವರ ಕಣ್ಣಿಗೆ ಹಂಟರ್ರೇ ಅಲ್ಲ.

ಸರಿ, ಕೆಲಸಕ್ಕೆ ಬರೋಣ.

ಹಳೆಯ ಟ್ಯೂಬ್ ಗಮ್ ಒಣಗಿ ಗರಿಗರಿ ಆಗಿತ್ತು, ಸೀಮಿಗೆ ತೆಳು ಬ್ಲೇಡ್ ಇಟ್ಟು ಮೆಲ್ಲಗೆ ತಿರುವಿದರೆ ಟಕ್ ಅಂತ ಬಿಟ್ಟುಕೊಂಡಿತು. ಮೂತಿಯೊಳಗೆ ಸೈಕಲ್ ಬೇರಿಂಗಿನ ಗುಂಡುಗಳು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರು ಚಕ್ರದ ಜೆಟ್‌ಗಳಿಗೆ ಮೂತಿಯಲ್ಲಿ ಭಾರ ಇಡದಿದ್ದರೆ ಬಾಲ ಊರಿ ಕೂತುಬಿಡುತ್ತವೆ, ಅದಕ್ಕೇ ಮಾವ ತುಂಬಿದ್ದು. ಅದನ್ನು ತೆಗೆದು ಹೊಸ ಗುಂಡು ಹಾಕಿ, ಅಲುಗದ ಹಾಗೆ ಎಂ-ಸೀಲ್ ಮೆತ್ತಿದೆ. ಕಾಲಿಗೆ ಗುಂಡುಸೂಜಿ ಕತ್ತರಿಸಿ ಒಳಗೆ ಕೂರಿಸಿದೆ. ಎರಡೂ ತುಂಡಿಗೆ ಕೈ ಡ್ರಿಲ್‌ನಲ್ಲಿ ತೂತು ಹಾಕಿ ಸೂಪರ್ ಗ್ಲೂ. ಬಾಲದ ರೆಕ್ಕೆಗೆ, ಇರುವುದನ್ನು ಪೇಪರ್ ಮೇಲೆ ಗೆರೆ ಎಳೆದು, ಮಗುಚಿ, 1 ಮಿಲಿಮೀಟರ್ ಪಾಲಿಸ್ಟೈರೀನ್ ಶೀಟಿನಲ್ಲಿ ಕತ್ತರಿಸಿ ಅಂಚು ಉಜ್ಜಿದೆ. ಇವೆಲ್ಲ ಎರಡು ಭಾನುವಾರದ ಕೆಲಸ.

ಉಬ್ಬುಗಳೇ ಜಾಸ್ತಿ ಸತಾಯಿಸಿದ್ದು. ಆಕಾರ ಕಷ್ಟವಲ್ಲ, ಬಾದಾಮಿಯನ್ನು ಉದ್ದಕ್ಕೆ ಸೀಳಿದ ಹಾಗೆ. ಆದರೆ ಎರಡೂ ಒಂದೇ ಥರ ಬರಬೇಕು. ಬೇರೆ ಬೇರೆಯಾಗಿ ಮೂರು ಜೊತೆ ಮಾಡಿದೆ, ಮೂರರಲ್ಲೂ ಒಂದು ದಪ್ಪ ಒಂದು ಸಣ್ಣ. ಆಮೇಲೆ ಹೊಳೆಯಿತು, ಎರಡು ಯಾಕೆ ಮಾಡಬೇಕು? ಎಂ-ಸೀಲಿನಲ್ಲಿ ಒಂದು ಪೂರ್ತಿ ಬಾದಾಮಿಯನ್ನೇ ಮಾಡಿ, ರಾತ್ರಿಯೆಲ್ಲ ಗಟ್ಟಿಯಾಗಲು ಬಿಟ್ಟು, ವಾಟರ್ ಪೇಪರ್‌ನಲ್ಲಿ ನುಣ್ಣಗೆ ಉಜ್ಜಿ, ಅಕ್ಕಸಾಲಿಗರ ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಎರಡು ಹೋಳು, ಎರಡೂ ಒಂದೇ ಅಳತೆ. ಮಾಮೂಲಿ ಹ್ಯಾಕ್ಸಾ ಬ್ಲೇಡ್ ದಪ್ಪ, ಅದು ಮಧ್ಯದ ಮಾಲನ್ನೇ ತಿಂದುಬಿಡುತ್ತದೆ.

ಕ್ಯಾನಪಿಗೆ ವಾಟರ್ ಪೇಪರ್ 1000ದಿಂದ ಶುರು ಮಾಡಿ 1500, 2000, ಕೊನೆಗೆ ಬಿಳಿ ಟೂತ್‌ಪೇಸ್ಟ್ ಹಾಕಿ ಹತ್ತಿ ಬಟ್ಟೆಯಲ್ಲಿ ಉಜ್ಜಿದೆ. ಮೊದಮೊದಲು ಇನ್ನೂ ಮಂಜಾಗುತ್ತದೆ, ಹೆದರಬೇಡಿ, 2000 ದಾಟಿದ ಮೇಲೆ ತಿಳಿಯಾಗುತ್ತದೆ.

ಇನ್ನು ಬಣ್ಣ. ಎನಾಮೆಲ್ ತೆಗೆಯೋಕೆ ನಾನು ಬಳಸಿದ್ದು ಬ್ರೇಕ್ ಆಯಿಲ್, ಡಾಟ್ 3. ಕೈಗೆ ಗ್ಲವ್ಸ್ ಕಡ್ಡಾಯ. ಮೊದಲು ಯಾರಿಗೂ ಕಾಣದ ಜಾಗದಲ್ಲಿ ಹಚ್ಚಿ ಪ್ಲಾಸ್ಟಿಕ್ ತಡೆಯುತ್ತದಾ ನೋಡಿ, ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಮುಳುಗಿಸಿಡಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಸಿಪ್ಪೆ ಸುಲಿದಂತೆ ಬರುತ್ತದೆ. ಉಳಿದ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ, ಬೇರೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿನವರಿಗೆ ಕೊಡಿ. ಅಕ್ರಿಲಿಕ್ ಬಣ್ಣದ ಸಣ್ಣ ಗೊಂಬೆಗಳಿಗೆ ಇದರ ಅಗತ್ಯ ಇಲ್ಲ, ಡೆಟಾಲ್ ಸಾಕು. ಒಂದೇ ಎಚ್ಚರಿಕೆ: ಬಣ್ಣ ಬಿಡುವವರೆಗೂ ಬ್ರಷ್ಷನ್ನು ಡೆಟಾಲ್‌ನಲ್ಲೇ ಅದ್ದಿ ಉಜ್ಜಿ. ನಡುವೆ ನೀರು ತಾಗಿತೋ, ಬಣ್ಣ ಅಂಟಂಟಾಗಿ ಸಂದಿಗೊಂದಿಗೆಲ್ಲ ಮೆತ್ತಿಕೊಳ್ಳುತ್ತದೆ.

ರೆಕ್ಕೆಗಳನ್ನು ಹೀಗೆ ಸುಲಿದೆ. ಬಾಡಿಯನ್ನು ಮುಳುಗಿಸುವ ಮುಂಚೆ ಕೈ ನಿಂತಿತು. ಬಾಲದ ಹತ್ತಿರ ಮಾವ ಕೈಯಲ್ಲೇ ಬರೆದ ನಂಬರ್ ಇದೆ. ಭಾರತ 1957ರಲ್ಲಿ ಕೊಳ್ಳಲು ಒಪ್ಪಿದ 160 ಹಂಟರ್‌ಗಳಿಗೆ ಬಿಎ ಅಂತ ಶುರುವಾಗುವ ನಂಬರು. ಮಾವ ತಾವು ಪ್ಯಾಕ್ ಏರಿಸುತ್ತಿದ್ದ ಒಂದು ವಿಮಾನದ್ದನ್ನು ನೆನಪಿಟ್ಟು ಬರೆದಿದ್ದಾರೆ. ಒಂದೊಂದು ಅಕ್ಷರ ಮೂರು ಮಿಲಿಮೀಟರ್ ಎತ್ತರ, ನೇರ, ಬಿಗಿ. ಭೂತಗನ್ನಡಿ ಹಿಡಿದರೆ 'ಬಿ'ಯ ಕೆಳಹೊಟ್ಟೆಯಲ್ಲಿ ಬ್ರಷ್ಷಿನ ಒಂದು ಕೂದಲು ಸಿಕ್ಕಿಕೊಂಡಿದ್ದು ಕಾಣುತ್ತದೆ. ಅದನ್ನು ತೆಗೆದು ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಗುರುತು) ಅಂಟಿಸೋಕೆ ನನ್ನಿಂದ ಆಗಲಿಲ್ಲ.

ಹಾಗಾಗಿ ಬಾಡಿಯನ್ನು ಮುಳುಗಿಸಲಿಲ್ಲ. ಎರಡೂ ಪಕ್ಕದ ನಂಬರಿಗೆ ಮಾಸ್ಕಿಂಗ್ ಟೇಪ್ ಹಾಕಿ, ಉಳಿದ ಜಾಗವನ್ನೆಲ್ಲ ಹತ್ತಿಯಲ್ಲಿ ಬ್ರೇಕ್ ಆಯಿಲ್ ಒತ್ತಿ ಒತ್ತಿ ಸುಲಿದೆ, ಮೂರು ದಿನ ಹಿಡಿಯಿತು. ಇದರಿಂದ ಇನ್ನೊಂದು ಕಷ್ಟ ಬಂತು ನೋಡಿ, ನಂಬರಿನ ಸುತ್ತ ಉಳಿದ ಹಳೇ ಬಣ್ಣಕ್ಕೆ ಹೊಸದು ಕೂಡಬೇಕು. ಹಂಟರ್ ಮೇಲ್ಗಡೆ ಕಡು ಹಸಿರು ಮತ್ತು ಕಡು ಬೂದು, ಕೆಳಗೆ ಬೆಳ್ಳಿ. ಟಮಿಯಾ ಕಂಪನಿಯ ಮಾಡೆಲ್ ಬಣ್ಣಗಳಲ್ಲಿ ಆ ಹಸಿರಿಗೆ ಎಕ್ಸ್‌ಎಫ್-81, ಬೂದಿಗೆ ಎಕ್ಸ್‌ಎಫ್-54 ಸಿಗುತ್ತವೆ, ಸುಮ್ನೆ ಬಾಟಲಿ ತೆಗೆದು ಹೊಡೆದರೆ ಮುಗಿಯಿತು ಅಂದುಕೊಂಡಿದ್ದೆ. ಮಾವನ ಹಸಿರು ಅದಲ್ಲ. ಸ್ವಲ್ಪ ಹಳದಿಗೆ ತಿರುಗಿದ ಹಸಿರು. ಹಳೇ ಎನಾಮೆಲ್ ಹಳದಿಯಾಗಿದೆಯೋ ಏನೋ ಅಂತ ಕೇಳಿದರೆ, "ಬಿಸಿಲಲ್ಲಿ ನಿಂತ ವಿಮಾನ ಕಣೋ, ಹಾಗೇ ಇತ್ತು, ನೋಡಿಕೊಂಡೇ ಕಲಸಿದ್ದು" ಅಂದರು. ಪುಸ್ತಕದ ಹಸಿರು ಬಿಟ್ಟು ಮಾವನ ಹಸಿರನ್ನೇ ಹಿಡಿದೆ. ಎಕ್ಸ್‌ಎಫ್-81 ಇಪ್ಪತ್ತು ಹನಿ, ಹಳದಿ ಮೂರು, ಕೆಂಪು ಕಂದು ಒಂದು. ಬಿಳಿ ಪ್ಲಾಸ್ಟಿಕ್ ಚಮಚಗಳ ಮೇಲೆ ಹೊಡೆದು, ಒಣಗಿಸಿ, ಬೆಳಿಗ್ಗೆ ಹತ್ತು ಗಂಟೆಯ ಬೆಳಕಲ್ಲಿ ಕಾಂಪೌಂಡಿನ ಮೇಲಿಟ್ಟು ನಂಬರಿನ ಪಕ್ಕ ಹಿಡಿದು ನೋಡುತ್ತಿದ್ದೆ. ಒಂಬತ್ತನೇ ಚಮಚ ಕೂಡಿ ಬಂತು. ಟ್ಯೂಬ್‌ಲೈಟಿನಲ್ಲಿ ಬಣ್ಣ ಕೂಡಿಸಬೇಡಿ, ಪೂರ್ತಿ ಮೋಸ ಹೋಗುತ್ತೀರಿ. ಹಳೇ ಬಣ್ಣದ ಅಂಚನ್ನು 2000 ಪೇಪರ್‌ನಲ್ಲಿ ಮೆಟ್ಟಿಲು ಕಾಣದ ಹಾಗೆ ಇಳಿಸಿ, ಅದರ ಮೇಲೆ ಏರ್‌ಬ್ರಷ್‌ನಲ್ಲಿ ತೆಳುವಾಗಿ ನಾಲ್ಕು ಕೋಟ್ ಹಾಯಿಸಿದೆ.

ವಾಯುಪಡೆಯ ಗುರುತಿನ ವೃತ್ತಗಳಿಗೂ ಬಣ್ಣವನ್ನೇ ಹೊಡೆದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚರ್ಮಕ್ಕೆ ತೂತು ಹಾಕುವ ಪಂಚ್ ಸೆಟ್ ಸಿಕ್ಕಿತು, ಟೇಪಿನಲ್ಲಿ 9, 6, 3 ಮಿಲಿಮೀಟರ್ ವೃತ್ತ ಹೊಡೆದುಕೊಂಡೆ. ದೊಡ್ಡ ತೂತಿನ ಟೇಪ್ ಇಟ್ಟು ಬಿಳಿ, ನಡುವೆ 6ರ ಬಿಲ್ಲೆ ಅಂಟಿಸಿ ಸುತ್ತ ಕೇಸರಿ, ಬಿಲ್ಲೆ ತೆಗೆದು 3ರ ತೂತಿನಲ್ಲಿ ಹಸಿರು. ಇದೇ ಕ್ರಮ ಬೇಕು, ಹಸಿರಿನ ಮೇಲೆ ಬಿಳಿ ಕೂರುವುದಿಲ್ಲ. ಸಣ್ಣಪುಟ್ಟ ಗುರುತುಗಳಿಗೆ ಮಾವ ಇಟ್ಟಿದ್ದ ಕಿಟ್ಟಿನ ಹಳೇ ಡೆಕಾಲ್ ಹಾಳೆಯೇ ಇತ್ತು, ಹಳದಿಯಾಗಿತ್ತು. ಬಿಸಿಲು ಬೀಳುವ ಕಿಟಕಿ ಗಾಜಿಗೆ ಎರಡು ವಾರ ಅಂಟಿಸಿಟ್ಟರೆ ಹಳದಿ ಹೋಯಿತು. ನೀರಿಗೆ ಹಾಕುವ ಮುಂಚೆ ಹಾಳೆಗೇ ಒಂದು ಕೋಟ್ ಹೊಳಪಿನ ವಾರ್ನಿಷ್ ಕೊಡಿ, ಇಲ್ಲದಿದ್ದರೆ ಚೂರುಚೂರಾಗುತ್ತದೆ.

ಕೊನೆಯ ವಾರ್ನಿಷನ್ನು ಜುಲೈ ಮಳೆಯಲ್ಲಿ ಹೊಡೆದದ್ದು ನನ್ನ ತಪ್ಪು. ಗಾಳಿಯ ತೇವ ಹಿಡಿದು ರೆಕ್ಕೆ ಮೇಲೆ ಬೂದಿ ಉದುರಿದ ಹಾಗೆ ಬೆಳ್ಳಗಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಆ ನಂಬರಿನ ಮೇಲೂ ಬಿಳುಪು ಹಿಡಿದಿತ್ತು. ನಾಲ್ಕು ದಿನ ಕಾದು, ಬಿಸಿಲು ಬಂದ ಮಧ್ಯಾಹ್ನ ಅದರ ಮೇಲೆ ಹೊಳಪಿನ ವಾರ್ನಿಷ್ ತೆಳುವಾಗಿ ಹೊಡೆದಾಗ ಬಿಳುಪು ಕರಗಿ ಅಕ್ಷರ ಮತ್ತೆ ಕಂಡಿತು.

ಮಾವನ ಕೈಗೆ ಕೊಟ್ಟೆ. ಈ ಸಲವೂ ಮೊದಲು ಮಗುಚಿದರು. ಎರಡು ಉಬ್ಬಿನ ಮೇಲೂ ಹೆಬ್ಬೆರಳು ಸವರಿದರು, ಆಮೇಲೆ ತಿರುಗಿಸಿ ನಂಬರ್ ನೋಡಿದರು, ಸುಮಾರು ಹೊತ್ತು.

"ಇದನ್ನ ಹಾಗೇ ಬಿಟ್ಟಿದ್ದೀಯ."

"ಹೂಂ ಮಾವ."

"ಗನ್ ಬಾಯಿ ಹಿಂದೆ ಇಷ್ಟು ಶುಭ್ರ ಇರಲ್ಲ ಕಣೋ. ನಾಲ್ಕು ಸಲ ಹೊಡೆದು ಬಂದರೆ ಕಪ್ಪು ಹಿಡಿದಿರುತ್ತೆ, ಎಷ್ಟು ಒರೆಸಿದರೂ ಹೋಗಲ್ಲ."

ಪೆನ್ಸಿಲ್ ತರಿಸಿ, ಸೀಸವನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿ, ಸಣ್ಣ ಬ್ರಷ್ ಅವರ ಕೈಗೇ ಕೊಟ್ಟೆ. ಕೈ ಈಗ ಸ್ವಲ್ಪ ನಡುಗುತ್ತದೆ. ವಿಮಾನವನ್ನು ನಾನು ಹಿಡಿದುಕೊಂಡೆ, ನಾಲ್ಕೂ ನಳಿಗೆಯ ಹಿಂದೆ ಮಸಿಯನ್ನು ಅವರೇ ಎಳೆದರು.