ತುಪ್ಪದ ಕೈಗೆ ಅಳಿಸಿದ ತಾರೀಖು

ಅಮೀನಗಡದಲ್ಲಿ ನಮ್ಮದು ಸಣ್ಣ ಕರದಂಟಿನ ಅಂಗಡಿ. ಹಿಂದೆಯೇ ಭಟ್ಟಿ. ಒಂದು ಮಧ್ಯಾಹ್ನ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಕಪಾಟಿನಲ್ಲಿದ್ದ ಪ್ಯಾಕೆಟ್‌ಗಳನ್ನು ದುಡ್ಡು ಕೊಟ್ಟೇ ಕೊಂಡರು. ನಾಲ್ಕು ಭಾಗ ಮಾಡಿ ಸೀಲ್ ಹಾಕಿದರು. ಒಂದು ಲ್ಯಾಬಿಗೆ, ಎರಡು ಅವರ ಮೇಲಧಿಕಾರಿ ಹತ್ತಿರ. ನಾಲ್ಕನೆಯದನ್ನು ನಾವು ಕೇಳಿದರೆ ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳಿಸುತ್ತಾರೆ. ನನಗೆ ಗೊತ್ತಿರಲಿಲ್ಲ, ಕೇಳಲಿಲ್ಲ. ‘ಕಲಬೆರಕಿ ಏನೂ ಇಲ್ರಿ ಸಾಹೇಬ್ರ, ಬೇಕಾದ್ರ ತಿಂದು ನೋಡ್ರಿ’ ಅಂತ ಅದನ್ನೇ ಹೇಳುತ್ತಿದ್ದೆ.

ರಿಪೋರ್ಟ್ ಬಂತು. ಮಾಲಿನಲ್ಲಿ ದೋಷವಿಲ್ಲ, ಲೇಬಲ್ ಸರಿ ಇಲ್ಲ. ಬ್ಯಾಚ್ ನಂಬರೂ ತಾರೀಖೂ ಓದಲು ಬರುವುದಿಲ್ಲ, ಹಾಗಾಗಿ ‘ಮಿಸ್‌ಬ್ರಾಂಡೆಡ್’.

ಸಿಟ್ಟು ಬಂತು, ನಾವು ತಾರೀಖಿನ ಸೀಲು ಹೊಡೆದೇ ಕಳಿಸುತ್ತಿದ್ದೆವಲ್ವಾ! ಭಟ್ಟಿಗೆ ಹೋಗಿ ನಿಂತು ನೋಡಿದೆ. ಹುಡುಗ ತಿನ್ನುವ ಅಂಟನ್ನು ತುಪ್ಪದಲ್ಲಿ ಹುರಿದು, ಬಿಸಿ ಬೆಲ್ಲದ ಪಾಕಕ್ಕೆ ಕೊಬ್ಬರಿ, ಉತ್ತತ್ತಿ ಸುರಿದು ಕಲಸಿದ. ಆರಿದ ಮೇಲೆ ಕತ್ತರಿಸಿ ತುಂಬಿದ. ಅದೇ ತುಪ್ಪದ ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಮೇಲೆ ರಬ್ಬರ್ ಸೀಲು ಒತ್ತಿದ. ಡಬ್ಬಿಗೆ ಹಾಕುವಾಗ ಹೆಬ್ಬೆರಳು ತಾಗಿತು, ತಾರೀಖು ಮಾಯ. ಕಪಾಟಿನ 12 ಪ್ಯಾಕೆಟ್‌ಗಳಲ್ಲಿ 5ರಲ್ಲಿ ಮಾತ್ರ ಪೂರ್ತಿ ಓದಲು ಬಂತು.

ರಿಪೋರ್ಟಿನ ವಿರುದ್ಧ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ‘ಬಿಡಬ್ಯಾಡೋ, ಹಾಕು’ ಅಂದರು ನಮ್ಮ ಮಾವ. ಕಣ್ಣಿಗೆ ಕಾಣುವ ತಪ್ಪಿಗೆ ಮೇಲ್ಮನವಿ ಹಾಕಿ ಏನು ಮಾಡಲಿ? ಸುಮ್ನೆ ಖರ್ಚು. ಮಾಲಿನ ಗುಣಮಟ್ಟದ ಮೇಲೆ ತಕರಾರು ಇದ್ದಿದ್ದರೆ ಹಾಕುತ್ತಿದ್ದೆ.

2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಲೇಬಲ್ ತಪ್ಪಿಗೆ 3 ಲಕ್ಷದವರೆಗೆ ದಂಡವಿದೆ, 52ನೇ ಕಲಂ. ಮೊತ್ತ ಕೇಳಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಪರಿಚಯದ ವಕೀಲರೊಬ್ಬರು 49ನೇ ಕಲಂ ಓದಿಸಿದರು. ದಂಡ ಎಷ್ಟು ಅಂತ ನಿರ್ಧರಿಸುವಾಗ ತಪ್ಪಿನಿಂದ ಎಷ್ಟು ಲಾಭವಾಯಿತು, ಯಾರಿಗಾದರೂ ನಷ್ಟವಾಯಿತಾ, ಇದು ಮೊದಲ ಸಲವಾ, ಗೊತ್ತಿಲ್ಲದೆ ಆಯಿತಾ ಅಂತ ನೋಡಬೇಕು. ನನಗೆ ದಾರಿ ಕಂಡಿದ್ದು ಅಲ್ಲಿ.

ವಿಚಾರಣೆಗೆ ಮೊದಲೇ ಕೆಲಸ ಶುರು ಮಾಡಿದೆ. ಹುನಗುಂದ, ಇಳಕಲ್ ಅಂಗಡಿಗಳಿಂದ ಹಳೇ ಪ್ಯಾಕೆಟ್ ವಾಪಸ್ ತಂದು ರಸೀದಿ ಇಟ್ಟುಕೊಂಡೆ. ತಾರೀಖು ಹೊಡೆಯುವ ಸಣ್ಣ ಯಂತ್ರ ಕೊಂಡೆ, ಅದರ ಬಿಲ್ಲೂ ಇಟ್ಟೆ. ಈಗ ಖಾಲಿ ಕವರಿಗೆ ಬೆಳಿಗ್ಗೆಯೇ ತಾರೀಖು ಬೀಳುತ್ತದೆ, ಭಟ್ಟಿ ಹೊತ್ತಿಸುವ ಮೊದಲು.

ಬಾಗಲಕೋಟೆಯ ನವನಗರದಲ್ಲಿ ಅಪರ ಜಿಲ್ಲಾಧಿಕಾರಿಗಳ ಮುಂದೆ ವಿಚಾರಣೆ. ತಪ್ಪು ಆಗಿದೆ ಅಂತ ಬರೆದುಕೊಟ್ಟೆ. ಕತೆ ಕಟ್ಟಲಿಲ್ಲ, ಅಳಲೂ ಇಲ್ಲ. ಹಳೇ ಕವರು, ಹೊಸ ಕವರು ಎರಡನ್ನೂ ಮೇಜಿನ ಮೇಲಿಟ್ಟೆ. ಹೊಸದರ ಮೇಲೆ ಅವರೇ ಬೆರಳು ತಿಕ್ಕಿ ನೋಡಿದರು. 15,000 ರೂಪಾಯಿ ದಂಡ ಹಾಕಿದರು. ನಮ್ಮಂಥವರಿಗೆ ಅದೂ ಜಾಸ್ತಿಯೇ, ಆದರೆ 3 ಲಕ್ಷದ ಮುಂದೆ ಏನಲ್ಲ.

ಮರುದಿನವೇ ಚಲನ್ ಕಟ್ಟಿದೆ. ಕಟ್ಟದಿದ್ದರೆ ಕಂದಾಯ ಬಾಕಿಯ ಹಾಗೆ ವಸೂಲಿ ಮಾಡುತ್ತಾರೆ, ಕಟ್ಟುವವರೆಗೆ ಲೈಸೆನ್ಸೂ ಅಮಾನತು. ಚಲನ್ ಪ್ರತಿಯನ್ನು ಲೈಸೆನ್ಸ್ ಫೈಲಿನಲ್ಲೇ ಇಟ್ಟಿದ್ದೇನೆ, ಯಾರಾದರೂ ಕೇಳಿದರೆ ಹುಡುಕುವುದು ಬೇಡ ಅಂತ.